ಆಟಿ ಮಳೆಗೆ ಮುನ್ನ ಬಾಣಂತಿ ಕೋಣೆ

ಮಗಳ ಚೊಚ್ಚಲ ಹೆರಿಗೆಗೆ ವೈದ್ಯರು ಗುರುತು ಮಾಡಿಕೊಟ್ಟ ದಿನ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಬಿದ್ದಿತ್ತು. ಆಗಸ್ಟ್ 3ಕ್ಕೆ ಆಟಿ ಎಂಬ ಮಳೆತಿಂಗಳ ಹದಿನೆಂಟನೆಯ ದಿನ, ನಮ್ಮ ಕಡೆ ಮನೆಮನೆಯಲ್ಲೂ ಮದ್ದುಸೊಪ್ಪಿನ ಪಾಯಸ ಕುದಿಯುವ ದಿನ. ಅಷ್ಟು ಹೊತ್ತಿಗೆ ಕೊಡಗಿನಲ್ಲಿ ಮಳೆ ಹಿಡಿದು ಎರಡು ತಿಂಗಳಾಗಿರುತ್ತದೆ. ಗೋಡೆಗಳು ಬೆವರುತ್ತಿರುತ್ತವೆ, ಕರೆಂಟು ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ, ಯಾವ ತಿರುವಿನಲ್ಲಿ ಬರೆ, ಅಂದರೆ ರಸ್ತೆ ಬದಿಯ ಮಣ್ಣಿನ ದಿಬ್ಬ, ಜರಿದು ರಸ್ತೆ ಮುಚ್ಚುತ್ತದೋ ಹೇಳಲು ಬರುವುದಿಲ್ಲ. ಮೈಸೂರಿನಲ್ಲಿ ಕೆಲಸದಲ್ಲಿರುವ ಮಗಳು ಅಲ್ಲೇ ಹೆರಿಗೆ ಮುಗಿಸಿಕೊಳ್ಳಬಹುದಿತ್ತು. ಆದರೆ ಬಾಣಂತನ ತವರಿನಲ್ಲೇ ಆಗಬೇಕೆಂಬುದು ಅವಳ ಆಸೆ, ನನ್ನ ಆಸೆಯೂ ಹೌದು. ಗರ್ಭದಲ್ಲಿ ಯಾವ ತೊಡಕೂ ಕಾಣದಿದ್ದುದರಿಂದ ಅವಳನ್ನು ನೋಡುತ್ತಿದ್ದ ವೈದ್ಯರು ಒಪ್ಪಿದರು, ಒಂದು ಷರತ್ತು ಹಾಕಿದರು: ಮೂವತ್ತೆಂಟನೆಯ ವಾರದಿಂದ ಆಕೆ ಆಸ್ಪತ್ರೆಯ ಹತ್ತಿರವೇ ಇರಬೇಕು, ಮಾದಾಪುರದ ಒಳಗಿನ ತೋಟದ ಮನೆಯಲ್ಲಲ್ಲ.

ಸುದ್ದಿ ತಿಳಿದ ಬಂಧುಗಳು ಮಗುವಿಗೆ ಕೊಳ್ಳಬೇಕಾದ ಸಾಮಾನುಗಳ ಪಟ್ಟಿಗಳನ್ನು ಮಗಳ ಮೊಬೈಲಿಗೆ ಕಳುಹಿಸತೊಡಗಿದರು. ಅವನ್ನೆಲ್ಲ ನಾನೂ ಗಮನವಿಟ್ಟು ಓದಿದೆ. ಅವು ಬಿಸಿಲಿರುವ ಊರಿನಲ್ಲಿ ಕುಳಿತು ಬರೆದವು. ಒಗೆದ ಬಟ್ಟೆ ಸಂಜೆಯೊಳಗೆ ಒಣಗುತ್ತದೆ, ಗುಂಡಿ ಒತ್ತಿದರೆ ಕೋಣೆ ಬೆಚ್ಚಗಾಗುತ್ತದೆ, ಕರೆದರೆ ವಾಹನ ಬರುತ್ತದೆ ಎಂದು ಅವು ನಂಬಿಕೊಂಡಿದ್ದವು. ಮಳೆಗಾಲದ ಕೂಸಿಗಾಗಿ ಕೊಡಗಿನ ಮನೆಯೊಂದು ಮಾಡಿಕೊಳ್ಳಬೇಕಾದ ತಯಾರಿ ಮುಖ್ಯವಾಗಿ ಒಣಗಿಸುವುದರ, ಬೆಚ್ಚಗಿಡುವುದರ ಮತ್ತು ದಾರಿ ನೋಡಿಟ್ಟುಕೊಳ್ಳುವುದರ ತಯಾರಿ, ಅದೂ ಜೂನ್ ಕಾಲಿಡುವ ಮೊದಲೇ ಮುಗಿಯಬೇಕಾದದ್ದು. ಅಂಗಡಿಯ ಸಾಮಾನಿನ ಪಾಲು ಅದರಲ್ಲಿ ಬಹಳ ಕಡಿಮೆ.

ಆದ್ದರಿಂದ ನಾವು ಕೆಲಸ ಹಿಡಿದದ್ದು ಮಾರ್ಚ್‌ನಲ್ಲಿ. ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಗಿತ್ತು, ಕಾಫಿ ಹೂವರಳಿಸುವ ಹೂಮಳೆ ಬಂದು ಹೋಗಿ ಬಿಸಿಲು ಗಟ್ಟಿಯಾಗಿತ್ತು. ಮೊದಲು ಕೋಣೆ ಯಾವುದೆಂದು ತೀರ್ಮಾನವಾಗಬೇಕಿತ್ತು. ನಮ್ಮ ಮನೆಯಲ್ಲಿ ದೊಡ್ಡದೂ ಚೆಂದವಾದದ್ದೂ ಎಂದರೆ ಮುಂದಿನ ಕೋಣೆ, ಆದರೆ ಅದರ ಎರಡು ಗೋಡೆಗಳು ಪಡುವಣ ಗಾಳಿಗೆ ಮುಖ ಕೊಟ್ಟು ನಿಂತಿವೆ. ಜುಲೈನ ಇರಿಚಲು ಅಲ್ಲಿ ಕಿಟಕಿಯ ಚೌಕಟ್ಟನ್ನೂ ದಾಟಿ ಒಳಗೆ ಬರುತ್ತದೆ. ಅದನ್ನು ಬಿಟ್ಟು ನಡುಮನೆಯ ಹಿಂದಿನ ಸಣ್ಣ ಕೋಣೆಯನ್ನು ಆರಿಸಿಕೊಂಡೆವು. ಅದರ ಒಂದು ಗೋಡೆಯ ಆಚೆ ಬಚ್ಚಲುಮನೆಯ ಹಂಡೆಯೊಲೆ ಇದೆ, ಮಳೆಗಾಲದಲ್ಲಿ ದಿನವಿಡೀ ಕಾಫಿ ಗಿಡದ ಕೊರಡು ಉರಿಯುವ ಒಲೆ. ಕೈಯಿಟ್ಟು ನೋಡಿದರೆ ರಾತ್ರಿಯಲ್ಲೂ ಆ ಗೋಡೆ ಉಗುರುಬೆಚ್ಚಗಿರುತ್ತದೆ. ಹೊಗೆ ಒಳಗೆ ನುಸುಳುವ ಸಂದುಗಳನ್ನು ಮುಚ್ಚಿಸಿ, ಬಚ್ಚಲಿನ ಹೊಗೆಗೂಡನ್ನು ಚೊಕ್ಕ ಮಾಡಿಸಿ, ಅದರ ಕೊಳವೆಯನ್ನು ಸೂರಿಗಿಂತ ಮೇಲಕ್ಕೆ ಏರಿಸಿದೆವು.

ಏಪ್ರಿಲ್‌ನಲ್ಲಿ ಹೆಂಚಿನ ಕೆಲಸ. ಮರದ ಕೊಂಬೆ ಬಿದ್ದು ಬಿರುಕು ಬಿಟ್ಟ ಹೆಂಚುಗಳನ್ನು ಬದಲಿಸಿ, ಗೆದ್ದಲು ಹಿಡಿದ ರೀಪುಗಳನ್ನು ತೆಗೆಸಿದೆವು. ಮನೆಯ ಮೇಲೆ ಬಾಗಿದ್ದ ಸಿಲ್ವರ್ ಓಕ್ ಮರದ ಗೆಲ್ಲುಗಳನ್ನು ಕಡಿಸಿದ್ದೂ ಆಗಲೇ. ಗೋಡೆಯ ಬೂಷ್ಟನ್ನು ಕೆರೆದು, ಗೋಡೆ ಸಂಪೂರ್ಣ ಒಣಗಲು ಬಿಟ್ಟು, ಮೇ ಮಧ್ಯದೊಳಗೆ ಸುಣ್ಣ ಹೊಡೆಸಿದೆವು. ಈ ಕೆಲಸವನ್ನು ಜೂನ್‌ಗೆ ಮುಂದೂಡಿದರೆ ಸುಣ್ಣ ಒಣಗುವುದಿಲ್ಲ, ಅದರಡಿಯ ತೇವ ಗೋಡೆಯಲ್ಲೇ ಉಳಿದು ಮತ್ತೆ ಕಪ್ಪು ಚುಕ್ಕೆಗಳಾಗಿ ಹೊರಬರುತ್ತದೆ. ಬೂಷ್ಟಿನ ಗಾಳಿ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹೊಸ ಪೇಂಟಿನ ವಾಸನೆಯೂ ಅಷ್ಟೇ, ಅದಕ್ಕಾಗಿಯೇ ಸುಣ್ಣವನ್ನು ಆರಿಸಿದ್ದು. ಕೋಣೆಯಲ್ಲಿದ್ದ ಹಳೆಯ ಕಪಾಟು, ಪುಸ್ತಕದ ಕಟ್ಟುಗಳು, ಗೋಣಿಚೀಲಗಳನ್ನೆಲ್ಲ ಹೊರಗೆ ಸಾಗಿಸಿದೆವು. ಒಂದು ಮಂಚ, ಒಂದು ಟ್ರಂಕು, ಒಂದು ಮೇಜು, ಒಂದು ಕುರ್ಚಿ ಇಷ್ಟೇ ಅಲ್ಲಿ ಉಳಿದವು. ಸಾಮಾನು ಕಡಿಮೆಯಿದ್ದಷ್ಟೂ ತೇವ ಹಿಡಿಯುವ ಮೂಲೆಗಳು ಕಡಿಮೆ, ಇಲಿ ಅಡಗುವ ಜಾಗವೂ ಕಡಿಮೆ. ಹಿತ್ತಲ ಬಾಗಿಲ ಪಕ್ಕದ ಸೌದೆಯ ರಾಶಿಯನ್ನು ದೂರದ ಕೊಟ್ಟಿಗೆಗೆ ಸಾಗಿಸಿದ್ದು ಹಾವಿನ ಭಯಕ್ಕೆ.

ಬಟ್ಟೆಯ ವಿಷಯವನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ಮಳೆಗಾಲದ ಬಾಣಂತನದಲ್ಲಿ ಮನೆಯವರ ಅರ್ಧ ಶ್ರಮ ಹೋಗುವುದು ಅಲ್ಲಿಗೇ. ಮಗುವಿಗೆ ಮೈಮುಟ್ಟುವ ಬಟ್ಟೆ ಹಳೆಯ ಹತ್ತಿಯದ್ದಾದರೆ ಅದಕ್ಕಿಂತ ಮೆತ್ತನೆಯದು ಬೇರೆ ಇಲ್ಲ. ನನ್ನ ಅತ್ತೆಯವರು ಒಗೆದು ಒಗೆದು ನವುರಾದ ತಮ್ಮ ನೂಲಿನ ಸೀರೆಗಳನ್ನು ಇದಕ್ಕೆಂದೇ ವರ್ಷಗಳಿಂದ ತೆಗೆದಿಟ್ಟಿದ್ದರು. ಆದರೆ ಆ ಸೀರೆಗಳೂ ಉಣ್ಣೆಯ ಹೊದಿಕೆಗಳೂ ಇದ್ದ ಪೆಟ್ಟಿಗೆಯ ಮುಚ್ಚಳ ತೆರೆದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಜಿರಲೆ, ಬೆಳ್ಳಿಮೀನು ಹುಳಗಳ ಕಾಟಕ್ಕೆ ಕೊಡಗಿನ ಮನೆಗಳ ಪೆಟ್ಟಿಗೆಗಳಲ್ಲೆಲ್ಲ ಈ ನ್ಯಾಫ್ತಲೀನ್ ಗುಳಿಗೆಗಳಿರುತ್ತವೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟುವ ಮಕ್ಕಳಿಗೆ ಈ ವಾಸನೆಯೇ ವಿಷ. ಗುಳಿಗೆಯ ಜೊತೆ ಇಟ್ಟ ಬಟ್ಟೆಯನ್ನು ಹೊದಿಸಿದರೂ ಅಂಥ ಶಿಶುವಿನ ರಕ್ತದ ಕೆಂಪುಕಣಗಳು ಒಡೆದು ಕಾಮಾಲೆ ತೀವ್ರವಾಗಬಹುದು. ಕೊರತೆ ಇದೆಯೋ ಇಲ್ಲವೋ ಎಂಬುದು ಮಗುವಿನ ಮುಖ ನೋಡಿದರೆ ತಿಳಿಯುವಂಥದ್ದಲ್ಲ. ಆದ್ದರಿಂದ ಆ ಸೀರೆಗಳನ್ನೆಲ್ಲ ಬಿಸಿನೀರಿನಲ್ಲಿ ಮತ್ತೆ ಮತ್ತೆ ಒಗೆದು, ಕಾಫಿ ಕಣದ ಮೇಲೆ ಹಗ್ಗ ಕಟ್ಟಿ, ವಾಸನೆಯ ಸುಳಿವೂ ಉಳಿಯದಷ್ಟು ದಿನ ಬಿಸಿಲಿಗೆ ಹಾಕಿದೆವು. ಉಣ್ಣೆಯ ಹೊದಿಕೆಗಳಿಂದ ವಾಸನೆ ಪೂರ್ತಿ ಹೋಗಲಿಲ್ಲ, ಅವನ್ನು ಮಗುವಿನ ಕೋಣೆಗೆ ತರಲೇ ಇಲ್ಲ. ಮನೆಯ ಇತರ ಪೆಟ್ಟಿಗೆಗಳಿಂದಲೂ ಗುಳಿಗೆಗಳನ್ನು ಆರಿಸಿ ತೆಗೆದೆವು.

ಎಷ್ಟು ಬಟ್ಟೆ ಬೇಕು ಎಂಬ ಲೆಕ್ಕವನ್ನು ಪೇಟೆಯ ಪಟ್ಟಿಗಳು ಹತ್ತು ಹನ್ನೆರಡು ಎಂದು ಕೊಟ್ಟಿದ್ದವು. ಹಾಲು ಸರಿಯಾಗಿ ಕುಡಿಯುವ ಕೂಸು ಮೊದಲ ವಾರ ಕಳೆಯುವಷ್ಟರಲ್ಲಿ ದಿನಕ್ಕೆ ಕನಿಷ್ಠ ಆರು ಸಲ ಮೂತ್ರ ಮಾಡುತ್ತದೆ, ಮಲ ಬೇರೆ. ಒಟ್ಟು ದಿನಕ್ಕೆ ಹತ್ತು ಬಟ್ಟೆ ಬದಲಿಸಬೇಕಾಗುವುದು ಸಾಮಾನ್ಯ. ಜುಲೈನಲ್ಲಿ ಮನೆಯೊಳಗೆ ಹರವಿದ ಬಟ್ಟೆ ಒಣಗಲು ಮೂರು ದಿನ ಹಿಡಿಯುತ್ತದೆ. ಅಲ್ಲಿಗೇ ಮೂವತ್ತಾಯಿತು. ಕರೆಂಟು ಹೋದ ದಿನಗಳನ್ನೂ ಸೇರಿಸಿ ನಾವು ಐವತ್ತು ಚೌಕ ಬಟ್ಟೆಗಳನ್ನು ಹರಿದು ಅಂಚು ಮಡಿಸಿ ಹೊಲಿದೆವು. ಒಂದೇ ಪದರದವು ಬೇಗ ಒಣಗುತ್ತವೆಂದು ದಪ್ಪ ಹೊಲಿಯಲಿಲ್ಲ, ಬೇಕಾದಾಗ ಎರಡು ಮಡಿಸಿ ಕಟ್ಟಿದರಾಯಿತು. ಪಕ್ಕದಲ್ಲಿ ದಾರ ಕಟ್ಟುವ ತೋಳಿನ ಜಬಲಗಳು, ಕಿವಿ ಮುಚ್ಚುವ ಕುಲಾಯಿಗಳು, ಕಾಲುಚೀಲಗಳು, ಸುತ್ತಲು ದೊಡ್ಡ ಮೆತ್ತನೆಯ ತುಂಡುಗಳು ಇವೆಲ್ಲವೂ ಮನೆಯಲ್ಲೇ ತಯಾರಾದವು. ಗುಂಡಿ, ಪಿನ್ನು, ಲೇಸು ಯಾವುದನ್ನೂ ಹಚ್ಚಲಿಲ್ಲ. ಬಿಸಾಡುವ ಡೈಪರ್‌ಗಳ ಒಂದು ಕಟ್ಟನ್ನು ಪ್ರಯಾಣಕ್ಕೆಂದು ತರಿಸಿಟ್ಟೆವು. ಅವನ್ನು ತೋಟದ ಮೂಲೆಯಲ್ಲಿ ಎಸೆಯಲೂ ಬಾರದು, ಸುಡಲೂ ಬಾರದು ಎಂಬ ಕಾರಣಕ್ಕೆ ಹೆಚ್ಚು ತರಿಸಲಿಲ್ಲ.

ಒಣಗಿಸುವುದಕ್ಕೆ ಬಚ್ಚಲುಮನೆಯ ಪಕ್ಕದ ಜಗಲಿಯಲ್ಲಿ, ಹಂಡೆಯೊಲೆಯ ಶಾಖ ತಾಗುವಂತೆ ಆದರೆ ಹೊಗೆ ತಾಗದಂತೆ, ಬಿದಿರ ಗಳುಗಳ ಚೌಕಟ್ಟನ್ನು ಮನೆಯವರು ಕಟ್ಟಿಸಿದರು. ಮೊದಲೆಲ್ಲ ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ ಒಣಗಿಸುತ್ತಿದ್ದ ನೆನಪು ಅತ್ತೆಯವರಿಗಿದೆ. ಆ ಬಟ್ಟೆಗಳು ಬೆಚ್ಚಗಿರುತ್ತಿದ್ದವು, ಮಸಿಯ ವಾಸನೆಯನ್ನೂ ಹೊತ್ತಿರುತ್ತಿದ್ದವು. ಚೌಕಟ್ಟಿನ ಮೇಲೆ ಮುಕ್ಕಾಲು ಒಣಗಿದ ಬಟ್ಟೆಗೆ ಕೊನೆಯ ತೇವ ತೆಗೆಯುವುದು ಇಸ್ತ್ರಿ ಪೆಟ್ಟಿಗೆಯ ಕೆಲಸ. ಕರೆಂಟಿನ ಇಸ್ತ್ರಿಯನ್ನು ನೆಚ್ಚಿಕೊಳ್ಳಲಾಗದೆ ಅಟ್ಟದಿಂದ ಹಳೆಯ ಇದ್ದಿಲ ಪೆಟ್ಟಿಗೆಯನ್ನು ಇಳಿಸಿ, ತುಕ್ಕು ಉಜ್ಜಿ ತೆಗೆದು ಸಿದ್ಧ ಮಾಡಿದೆವು. ಕೆಂಡ ತುಂಬಿದ ಪೆಟ್ಟಿಗೆಯನ್ನು ಹೊರ ಜಗಲಿಯಲ್ಲಿ ಮಾತ್ರ ಬಳಸುವುದೆಂದು ನಿಯಮ. ಬಟ್ಟೆಯ ಮೇಲೆ ಅದನ್ನು ಎಳೆದಾಗ ಮೊದಲ ಸಲ ಬಿಳಿಯ ಹಬೆ ಸುಯ್ಯೆಂದು ಏಳುತ್ತದೆ, ಎರಡನೆಯ ಸಲಕ್ಕೆ ತೆಳುವಾಗುತ್ತದೆ, ಮೂರನೆಯ ಸಲಕ್ಕೆ ಏಳುವುದಿಲ್ಲ. ಆಮೇಲೆ ಬಟ್ಟೆಯನ್ನು ಕೊಡವಿ, ಬಿಸಿ ಆರಿದ ನಂತರ ಮೇಲ್ದುಟಿಗೆ ತಾಗಿಸಿ ನೋಡುವುದನ್ನು ಅತ್ತೆಯವರು ನನಗೆ ಕಲಿಸಿದರು. ಕೈಬೆರಳಿಗೆ ಒಣಗಿದಂತೆ ತೋರುವ ಬಟ್ಟೆಯ ತಣ್ಣನೆಯ ತೇವ ತುಟಿಯ ಮೇಲಿನ ಚರ್ಮಕ್ಕೆ ತಕ್ಷಣ ಗೊತ್ತಾಗುತ್ತದೆ. ಅಲ್ಲಿ ತೇರ್ಗಡೆಯಾದ ಬಟ್ಟೆ ಮಾತ್ರ ಟ್ರಂಕಿನೊಳಗೆ ಹೋಗುತ್ತಿತ್ತು.

ಅಟ್ಟದಲ್ಲಿದ್ದ ಮನೆತನದ ತೊಟ್ಟಿಲಿನ ವಿಷಯದಲ್ಲಿ ಮನೆಯಲ್ಲಿ ಒಂದಿಷ್ಟು ಚರ್ಚೆ ನಡೆಯಿತು. ನನ್ನ ಗಂಡನೂ ಅವರ ತಂಗಿಯರೂ ನನ್ನ ಮಗಳೂ ಮಲಗಿದ ಬೀಟೆ ಮರದ ತೊಟ್ಟಿಲು ಅದು. ಬಡಗಿಯನ್ನು ಕರೆಸಿ ನೋಡಿದಾಗ ಒಂದು ಕಾಲಿನಲ್ಲಿ ಕುಟ್ಟೆಹುಳದ ತೂತುಗಳಿದ್ದವು, ಬದಿಯ ಕಂಬಿಗಳ ನಡುವೆ ನನ್ನ ಮುಷ್ಟಿ ತೂರುವಷ್ಟು ಅಂತರವಿತ್ತು. ಕಂಬಿಗಳ ನಡುವಿನ ಸಂದು ಆರು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಮಗುವಿನ ಮೈ ಜಾರಿ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. ಕಾಲನ್ನು ಬದಲಿಸಿ, ನಡುನಡುವೆ ಹೊಸ ಕಂಬಿಗಳನ್ನು ಕೂರಿಸಿ, ಹಳೆಯ ಬಣ್ಣವನ್ನು ಅಂಗಳದಾಚೆ ಪೂರ್ತಿ ಕೆರೆಸಿದೆವು, ಏಕೆಂದರೆ ಹಳೆಯ ಬಣ್ಣಗಳಲ್ಲಿ ಸೀಸ ಇರುವುದುಂಟು. ಮತ್ತೆ ಬಣ್ಣ ಹಚ್ಚದೆ ಮರವನ್ನು ಹಾಗೆಯೇ ಬಿಟ್ಟೆವು. ಹಾಸಿಗೆಗೆ ಎಳೆಯ ಹತ್ತಿಯನ್ನು ಗಟ್ಟಿಯಾಗಿ, ಸಮತಟ್ಟಾಗಿ ತುಂಬಿಸಿದ್ದೇ ಹೊರತು ದಿಂಬು ಮಾಡಿಸಲಿಲ್ಲ. ತಲೆ ದುಂಡಗಾಗಲು ಸಾಸಿವೆ ದಿಂಬು ಬೇಕೆಂಬ ಮಾತು ಬಂದರೂ, ಮಗುವನ್ನು ಅಂಗಾತ ಮಲಗಿಸಬೇಕು, ಮುಖದ ಹತ್ತಿರ ದಿಂಬು, ಸಡಿಲ ಹೊದಿಕೆ, ಗೊಂಬೆ ಏನೂ ಇರಬಾರದು ಎಂದು ಆರೋಗ್ಯ ಕೇಂದ್ರದ ಸಿಸ್ಟರ್ ಅತ್ತೆಯವರ ಮುಂದೆಯೇ ವಿವರಿಸಿದರು. ಉಸಿರುಗಟ್ಟುವ ಅಪಾಯವೆಂದ ಮೇಲೆ ಅತ್ತೆಯವರು ಮರುಮಾತಾಡಲಿಲ್ಲ. ಕೊಡೆಯಂತೆ ಬಿಡಿಸುವ ಸೊಳ್ಳೆಪರದೆ ಮಾತ್ರ ಅಂಗಡಿಯಿಂದ ಬಂತು.

ಬೆಚ್ಚಗಿಡುವ ಪ್ರಶ್ನೆ ಇವೆಲ್ಲಕ್ಕಿಂತ ಗಹನವಾದದ್ದು. ನವಜಾತ ಶಿಶು ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳಲಾರದು. ಅದರ ಮೈ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು, ಅದಕ್ಕಾಗಿ ಕೋಣೆ ಕನಿಷ್ಠ 25 ಡಿಗ್ರಿಯಷ್ಟಾದರೂ ಇರಬೇಕು. ಆಟಿಯಲ್ಲಿ ನಮ್ಮ ಮನೆಯೊಳಗೆ ಹಗಲಿನಲ್ಲೂ ಇಪ್ಪತ್ತು ದಾಟುವುದು ಕಷ್ಟ. ಕೋಣೆಯ ಉಷ್ಣತೆ ಅಳೆಯುವ ಸಣ್ಣ ಯಂತ್ರವೊಂದನ್ನು ಮಗಳು ತಂದಳು. ಆದರೆ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮೇಜಿನ ಮೇಲಿಟ್ಟ ಕೊಬ್ಬರಿ ಎಣ್ಣೆಯ ಬಾಟಲಿ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುತ್ತದೆ. ಬಾಟಲಿಯ ಅಂಚಿನಲ್ಲಿ ಬಿಳಿಯ ಪೊರೆ ಕಾಣಿಸಿಕೊಂಡರೆ ಕೋಣೆ ತಣ್ಣಗಾಗುತ್ತಿದೆ ಎಂದರ್ಥ, ಎಣ್ಣೆ ತಿಳಿಯಾಗಿದ್ದರೆ ಸರಿಯಿದೆ ಎಂದರ್ಥ. ಕರೆಂಟಿಲ್ಲದ ರಾತ್ರಿಯಲ್ಲೂ ಟಾರ್ಚ್ ಬೆಳಕಿನಲ್ಲಿ ನೋಡಬಹುದಾದ, ಬ್ಯಾಟರಿ ಬೇಡದ ಅಳತೆ ಅದು.

ಎಣ್ಣೆ ತುಂಬಿದ ರೂಮ್ ಹೀಟರ್ ಒಂದನ್ನು ಕೊಂಡೆವು. ಅದು ಕೆಂಪಗೆ ಕಾಯುವುದಿಲ್ಲ, ಗಾಳಿಯನ್ನು ಬೀಸುವುದಿಲ್ಲ. ಆದರೆ ಅದು ಎಳೆಯುವ ಎರಡು ಸಾವಿರ ವ್ಯಾಟ್ ಹಳೆಯ ಮನೆಯ ವೈರಿಂಗಿಗೆ ಭಾರವಾದದ್ದು, ಮಳೆಗಾಲದ ಒದ್ದೆ ಗೋಡೆಯಲ್ಲಿ ಇನ್ನೂ ಅಪಾಯದ್ದು. ಅದಕ್ಕೆಂದೇ ಬೇರೆ ತಂತಿ ಎಳೆಸಿ, ದೊಡ್ಡ ಸಾಕೆಟ್ ಹಾಕಿಸಿ, ಅರ್ಥಿಂಗ್ ಪರೀಕ್ಷಿಸಿ, ಸೋರಿಕೆಯಾದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚನ್ನು ಕೂಡಿಸಿಕೊಂಡೆವು. ಮನೆಯ ಇನ್ವರ್ಟರ್ ಇದನ್ನು ಹೊರುವುದಿಲ್ಲ, ಅದು ದೀಪಕ್ಕೂ ಮೊಬೈಲಿಗೂ ಮಾತ್ರ. ಹಾಗಾದರೆ ಕರೆಂಟು ಹೋದಾಗ ಏನು ಮಾಡುವುದು? ಅತ್ತೆಯವರ ಉತ್ತರ ಸಿದ್ಧವಿತ್ತು: ಬಾಣಂತಿ ಮಂಚದ ಕೆಳಗೆ ಅಗ್ಗಿಷ್ಟಿಕೆ. ಅವರ ಕಾಲದಲ್ಲಿ ಎಲ್ಲರೂ ಮಾಡಿದ್ದೇ ಅದು. ಹೆಂಚಿನ ಸಂದುಗಳಿಂದ ಗಾಳಿಯಾಡುತ್ತಿದ್ದ ಮನೆಗಳಲ್ಲಿ ನಡೆದುಹೋಗಿರಬಹುದು, ಆದರೆ ಸಂದು ಮುಚ್ಚಿದ ಇಂದಿನ ಕೋಣೆಯಲ್ಲಿ ಕೆಂಡದಿಂದೇಳುವ ಕಾರ್ಬನ್ ಮೊನಾಕ್ಸೈಡ್ ಬಣ್ಣವೂ ವಾಸನೆಯೂ ಇಲ್ಲದೆ ಮಲಗಿದವರನ್ನು ಮಲಗಿದಲ್ಲೇ ಕೊಲ್ಲಬಲ್ಲದು. ಇದರಲ್ಲಿ ನಾನು ಕೊಂಚವೂ ಸಡಿಲ ಬಿಡಲಿಲ್ಲ. ಸ್ನಾನದ ನಂತರದ ಸಾಂಬ್ರಾಣಿ ಹೊಗೆಯನ್ನೂ ಕೋಣೆಗೆ ಬಿಡಲಿಲ್ಲ. ಅತ್ತೆಯವರ ಮನಸ್ಸಿಗೆ ನೋವಾಗದಂತೆ ಅದನ್ನು ದೇವರ ಮುಂದೆ ಹಾಕುವುದೆಂದು ಒಪ್ಪಂದವಾಯಿತು.

ಕರೆಂಟಿಲ್ಲದ ಹೊತ್ತಿಗೆ ಸಿಸ್ಟರ್ ಹೇಳಿಕೊಟ್ಟ ಉಪಾಯ ಎಲ್ಲಕ್ಕಿಂತ ಸರಳವಾಗಿತ್ತು. ಮಗುವಿಗೆ ಲಂಗೋಟಿ, ಕುಲಾಯಿ, ಕಾಲುಚೀಲ ಮಾತ್ರ ಹಾಕಿ ತಾಯಿಯ ಬರಿ ಎದೆಯ ಮೇಲೆ ನೆಟ್ಟಗೆ ಒರಗಿಸಿ, ಇಬ್ಬರನ್ನೂ ಸೇರಿಸಿ ಬಟ್ಟೆಯಲ್ಲಿ ಸುತ್ತಿ ಮೇಲೆ ಕಂಬಳಿ ಹೊದೆಯುವುದು. ಕಾಂಗರೂ ಆರೈಕೆ ಎಂದು ಆಸ್ಪತ್ರೆಗಳಲ್ಲಿ ಕಡಿಮೆ ತೂಕದ ಮಕ್ಕಳಿಗೆ ಮಾಡಿಸುವ ಕ್ರಮವೇ ಇದು. ತಾಯಿ ದಣಿದಾಗ ತಂದೆ ಮಾಡಬಹುದು, ಅಜ್ಜಿಯೂ ಮಾಡಬಹುದು. ಅದಕ್ಕೆಂದು ಮುಂದೆ ತೆರೆಯುವ ಸಡಿಲ ರವಿಕೆಗಳನ್ನೂ ಅಗಲವಾದ ಸುತ್ತುಬಟ್ಟೆಗಳನ್ನೂ ಹೊಲಿಸಿಟ್ಟುಕೊಂಡೆವು.

ಹಳದಿ ಬೆಳಕಿನ ಬಲ್ಬನ್ನು ತೆಗೆದು ಬಿಳಿಯ ಬೆಳಕಿನದನ್ನು ಹಾಕಿಸಿದ್ದು ಚಿಕ್ಕ ಬದಲಾವಣೆ, ಆದರೆ ನಾನು ಎಲ್ಲ ಗರ್ಭಿಣಿಯರ ಮನೆಗೂ ಹೇಳಿಬರುವ ಬದಲಾವಣೆ. ಹುಟ್ಟಿದ ಮಕ್ಕಳಲ್ಲಿ ಬಹಳಷ್ಟಕ್ಕೆ ಎರಡು ಮೂರನೆಯ ದಿನದಿಂದ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವಕ್ಕೆ ಅದು ತಾನಾಗಿ ಇಳಿದರೂ, ಹುಟ್ಟಿದ 24 ಗಂಟೆಯೊಳಗೆ ಕಂಡರೆ ಅಥವಾ ಅಂಗೈ ಅಂಗಾಲುಗಳವರೆಗೆ ಹಳದಿ ಇಳಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಳೆಗಾಲದ ಮಬ್ಬಿನಲ್ಲಿ, ಅದೂ ಹಳದಿ ಬಲ್ಬಿನ ಕೆಳಗೆ, ಚರ್ಮದ ಹಳದಿ ಕಣ್ಣಿಗೆ ಬೀಳುವುದೇ ಇಲ್ಲ. ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆ ಎಂಬ ಮಾತನ್ನು ನೆಚ್ಚಿಕೊಳ್ಳುವಂತಿಲ್ಲ. ಹೆಚ್ಚಾದ ಕಾಮಾಲೆಗೆ ಬೇಕಾದದ್ದು ಆಸ್ಪತ್ರೆಯ ನೀಲಿ ದೀಪದ ಚಿಕಿತ್ಸೆ. ಆಟಿಯಲ್ಲಿ ಆ ಎಳೆಬಿಸಿಲಾದರೂ ಎಲ್ಲಿಂದ ಬರಬೇಕು?

ಬಾವಿಯ ನೀರು ಮಳೆಗೆ ಕೆಂಪಾಗುವುದರಿಂದ ಮುಚ್ಚಳವಿರುವ ಎರಡು ಸ್ಟೀಲ್ ಡ್ರಮ್ಮುಗಳಲ್ಲಿ ನೀರು ತಿಳಿಗೊಳಿಸಿ, ಕುದಿಸಿ ಬಳಸುವ ಏರ್ಪಾಡು ಮಾಡಿಕೊಂಡೆವು. ಮಗುವಿನ ಹೊಕ್ಕುಳಬಳ್ಳಿ ಬೀಳುವವರೆಗೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಬಳ್ಳಿಗೆ ಅರಿಶಿನ, ಬೂದಿ, ಎಣ್ಣೆ ಏನನ್ನೂ ಹಚ್ಚದೆ ಒಣಗಿರಲು ಬಿಡಬೇಕು ಎಂಬುದನ್ನು ನೀರು ಹಾಕಲು ಬರುವ ಅಜ್ಜಿಗೆ ಮೊದಲೇ ತಿಳಿಸಿ ಒಪ್ಪಿಸಿದೆವು. ಇನ್ನೊಂದು ಮಾತನ್ನೂ ಮೊದಲೇ ಆಡಿಕೊಂಡೆವು. ಕೊಡಗಿನ ಜೇನೆಂದರೆ ನಮಗೆಲ್ಲ ಹೆಮ್ಮೆ. ನಮ್ಮ ಮನೆಯಲ್ಲೂ ಪೆಟ್ಟಿಗೆ ಜೇನಿದೆ, ಹುಟ್ಟಿದ ಕೂಸಿನ ನಾಲಿಗೆಗೆ ಒಂದು ತೊಟ್ಟು ತಾಗಿಸುವುದು ನಡೆದುಬಂದ ಪದ್ಧತಿ. ಆದರೆ ಜೇನಿನಲ್ಲಿ ಬಾಟ್ಯುಲಿಸಂ ಎಂಬ, ಮೈಯ ಶಕ್ತಿಗುಂದಿಸುವ ಗಂಭೀರ ರೋಗವನ್ನು ಉಂಟುಮಾಡುವ ಸೂಕ್ಷ್ಮಜೀವಿಯ ಬೀಜಕಗಳಿರಬಹುದಾದ್ದರಿಂದ ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಕೊಡಬಾರದು. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ದಪ್ಪನೆಯ ಮೊದಲ ಹಾಲು, ಆಮೇಲೆ ಆರು ತಿಂಗಳವರೆಗೆ ತಾಯಿಹಾಲೊಂದೇ, ನೀರೂ ಬೇಡ. ಈ ಕಾರಣದಿಂದ ಹಾಲಿನ ಬಾಟಲಿ, ಡಬ್ಬಿ ಹಾಲು, ಗ್ರೈಪ್‌ವಾಟರ್ ಇವು ನಮ್ಮ ಮನೆಗೆ ಬರಲಿಲ್ಲ. ಪೌಡರ್, ಕಾಡಿಗೆಗಳೂ ಬರಲಿಲ್ಲ.

ಬಾಣಂತಿಯ ಊಟದ ಸಾಮಗ್ರಿಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ತೋಟದ ಕಾಳುಮೆಣಸು, ಬೆಳ್ಳುಳ್ಳಿ, ತಿನ್ನುವ ಅಂಟು, ರೊಟ್ಟಿಯ ಅಕ್ಕಿಹಿಟ್ಟು, ಬೇಳೆಗಳನ್ನು ಮೇ ತಿಂಗಳಲ್ಲೇ ಒಣಗಿಸಿ, ತುಪ್ಪದ ಜೊತೆ ಡಬ್ಬಿಗಳಲ್ಲಿ ತುಂಬಿದೆವು, ಊರ ಕೋಳಿಗಳು ಗೂಡಿನಲ್ಲಿದ್ದವು.

ಇನ್ನು ದಾರಿಯ ವಿಷಯ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಕಡೆಗಳಲ್ಲಿ ಗುಡ್ಡಗಳೇ ಇಳಿದುಬಂದು ಮಡಿಕೇರಿ ಮತ್ತು ಮಾದಾಪುರದ ನಡುವಿನ ರಸ್ತೆ ಕಡಿದುಹೋದದ್ದನ್ನು ನಾವು ಕಣ್ಣಾರೆ ಕಂಡವರು. ಮರುವರ್ಷದ ಆಗಸ್ಟ್‌ನಲ್ಲಿ ವಿರಾಜಪೇಟೆ ಕಡೆಯ ತೋರ, ಅದರ ಮರುವರ್ಷದ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಆಗಸ್ಟ್ ಎಂದರೆ ಕೊಡಗಿನವರಿಗೆ ಎದೆ ಢವಗುಟ್ಟುವ ತಿಂಗಳಾಗಿದೆ. ಆದ್ದರಿಂದ ವೈದ್ಯರ ಷರತ್ತನ್ನು ನಾವು ಸಂತೋಷದಿಂದಲೇ ಪಾಲಿಸಿದೆವು. ಮೂವತ್ತೆಂಟನೆಯ ವಾರಕ್ಕೆ ಮಗಳೂ ನಾನೂ ಮಡಿಕೇರಿಯಲ್ಲಿರುವ ನನ್ನ ತಂಗಿಯ ಮನೆ ಸೇರುವುದು, ಹೆರಿಗೆ ಮಡಿಕೇರಿಯ ಆಸ್ಪತ್ರೆಯಲ್ಲಿ, ಊರಿಗೆ ಮರಳುವುದು ಮಳೆ ಕೊಂಚ ಬಿಡುವು ಕೊಟ್ಟಾಗ ಹಟ್ಟಿಹೊಳೆಯ ಮೇಲಿನಿಂದ, ಇಲ್ಲವಾದರೆ ಸುಂಟಿಕೊಪ್ಪ ಸುತ್ತಿಕೊಂಡು. ಮೊಬೈಲ್ ಟವರ್‌ಗಳು ಕರೆಂಟಿನ ಜೊತೆಗೇ ಕಣ್ಣುಮುಚ್ಚುವುದರಿಂದ ಪಕ್ಕದ ತೋಟದ ಜೀಪಿನವರು, ಆಶಾ ಕಾರ್ಯಕರ್ತೆ, ಆರೋಗ್ಯ ಕೇಂದ್ರ ಎಲ್ಲರ ಸಂಖ್ಯೆಗಳನ್ನೂ 108ನ್ನೂ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದೆವು. ಜೀಪಿನವರ ಮನೆಗೆ ರಾತ್ರಿ ಕಾಲ್ನಡಿಗೆಯಲ್ಲಿ ಹೋಗಬೇಕಾದರೆ ಯಾರು ಹೋಗಬೇಕೆಂಬುದೂ ತೀರ್ಮಾನವಾಗಿತ್ತು.

ಆಸ್ಪತ್ರೆಯ ಚೀಲವನ್ನು ಜುಲೈ ಮೊದಲಲ್ಲೇ ಕಟ್ಟಿ ಬಾಗಿಲ ಬಳಿ ಇಟ್ಟೆವು. ಅದರಲ್ಲಿ ಮೊದಲು ಹೋದದ್ದು ಕಾಗದಪತ್ರ: ತಾಯಿ ಕಾರ್ಡ್, ಆಧಾರ್, ರಕ್ತದ ಗುಂಪಿನ ವರದಿ, ಸ್ಕ್ಯಾನಿಂಗ್ ವರದಿಗಳು, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ. ಎಲ್ಲವನ್ನೂ ಎರಡು ಪದರದ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿದೆವು. ಬಟ್ಟೆಗಳನ್ನೂ ಹಾಗೆಯೇ ಕಟ್ಟಿದೆವು, ಜೀಪು ಹತ್ತುವಷ್ಟರಲ್ಲಿ ನೆನೆದುಹೋದ ಚೀಲದಿಂದ ಕೂಸಿಗೆ ಮೊದಲ ಬಟ್ಟೆ ತೆಗೆಯುವ ಸ್ಥಿತಿ ಬರಬಾರದು. ಮಗಳಿಗೆ ಸಡಿಲ ಉಡುಪು, ದಪ್ಪ ಪ್ಯಾಡುಗಳು, ಜಾರದ ಚಪ್ಪಲಿ, ಬಿಸಿನೀರಿನ ಫ್ಲಾಸ್ಕು, ಟಾರ್ಚ್ ಸೇರಿದವು.

ಮಗು ಮಡಿಕೇರಿಯಲ್ಲಿ ಸುಸೂತ್ರವಾಗಿ ಹುಟ್ಟಿತು. ಹೆಣ್ಣು ಕೂಸು, ತೂಕ ಎರಡೂವರೆ ಕಿಲೋಗಿಂತ ಮೇಲೆಯೇ ಇತ್ತು. ಬಿಸಿಜಿ, ಪೋಲಿಯೋ ಹನಿ, 24 ಗಂಟೆಯೊಳಗಿನ ಹೆಪಟೈಟಿಸ್-ಬಿ ಲಸಿಕೆ, ವಿಟಮಿನ್ ಕೆ ಚುಚ್ಚುಮದ್ದು ಎಲ್ಲವೂ ಅಲ್ಲೇ ಆದವು. 21 ದಿನದೊಳಗೆ ಆಗಬೇಕಾದ ಜನನ ನೋಂದಣಿಯ ವಿವರವನ್ನೂ ಆಸ್ಪತ್ರೆಯಲ್ಲೇ ಬರೆಸಿ ಬಂದೆವು. ಊರಿಗೆ ಬಂದ ಮರುದಿನವೇ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು. ರಾತ್ರಿ ಎಣ್ಣೆಯ ಬಾಟಲಿ ಅಂಚಿನಿಂದ ಬೆಳ್ಳಗಾಗುತ್ತ ಬಂದಾಗ ಮಗಳು, ಅಳಿಯ, ನಾನು ಸರದಿಯಂತೆ ಕೂಸನ್ನು ಎದೆಗೊರಗಿಸಿಕೊಂಡು ಕೂತೆವು. ನನ್ನ ಸರದಿಯಲ್ಲಿ ಅದರ ಪಾದಗಳನ್ನು ಮುಟ್ಟಿ ನೋಡಿದಾಗ ಹೊಟ್ಟೆಯಷ್ಟೇ ಬೆಚ್ಚಗಿದ್ದವು. ಪಾದ ತಣ್ಣಗಾದರೆ ಚಳಿ ಹತ್ತುತ್ತಿದೆ ಎಂದು ಸಿಸ್ಟರ್ ಹೇಳಿದ್ದರು.

ಕರೆಂಟು ಬಂದ ಬೆಳಿಗ್ಗೆ ಬಿಳಿಯ ದೀಪದಡಿ ಕೂಸಿನ ಎದೆಯ ಚರ್ಮವನ್ನು ಬೆರಳಿನಿಂದ ಮೆಲ್ಲನೆ ಒತ್ತಿ ಬಿಟ್ಟಾಗ, ಒತ್ತಿದ ಜಾಗ ಬೆಳ್ಳಗಾಗುವ ಬದಲು ಹಳದಿಯಾಗಿ ಕಂಡಿತು. ಆ ದಿನ ಹಟ್ಟಿಹೊಳೆಯ ಕಡೆ ಬರೆ ಜರಿದಿತ್ತು, ಸುಂಟಿಕೊಪ್ಪದ ಮೇಲೆ ಮಡಿಕೇರಿಗೆ ಹೋದೆವು. ರಕ್ತ ಪರೀಕ್ಷೆಯಲ್ಲಿ ಈ ಹಳದಿಗೆ ಕಾರಣವಾದ ಬಿಲಿರುಬಿನ್ ಪ್ರಮಾಣ ದೀಪದ ಚಿಕಿತ್ಸೆ ಬೇಕಾಗುವ ಮಟ್ಟಕ್ಕಿಂತ ಕೆಳಗಿತ್ತು. ಎರಡೆರಡು ಗಂಟೆಗೆ ಹಾಲೂಡಿಸಿ, ಹಳದಿ ಹೊಟ್ಟೆಯಿಂದ ಕೆಳಗಿಳಿದರೆ ಕೂಡಲೇ ಬನ್ನಿ ಎಂದು ಹೇಳಿ ಕಳುಹಿಸಿದರು. ವಾರದೊಳಗೆ ಬಣ್ಣ ತಿಳಿಯಾಯಿತು.

ಆಶಾ ಕಾರ್ಯಕರ್ತೆ ಮಳೆಯಂಗಿ ತೊಟ್ಟು, ಕಾಲಿಗೆ ಜಿಗಣೆ ಹತ್ತದಂತೆ ಸುಣ್ಣ ಹೊಗೆಸೊಪ್ಪು ಸವರಿಕೊಂಡು, ತಪ್ಪದೆ ಬಂದರು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಕ್ಕಳನ್ನು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಅವರು ನೋಡಬೇಕು. ತೂಗುಚೀಲದ ತಕ್ಕಡಿಯಲ್ಲಿ ಕೂಸನ್ನು ತೂಗಿ, ಥರ್ಮಾಮೀಟರ್ ಇಟ್ಟು, ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತಿದ್ದರು. ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಉಸಿರು, ಉಸಿರಾಡುವಾಗ ಎದೆ ಒಳಕ್ಕೆ ಸೆಳೆಯುವುದು, ಹಾಲು ಬಿಡುವುದು, ಮೈ ತಣ್ಣಗಾಗುವುದು ಅಥವಾ ಸುಡುವುದು, ಸೆಳೆತ, ಚಲನೆ ಕುಂದುವುದು ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯಬಾರದು ಎಂದು ನಮ್ಮ ಗೋಡೆಯ ಕಾಗದದ ಕೆಳಗೆ ತಾವೇ ಬರೆದರು. ಆರು ವಾರದ ಲಸಿಕೆಗೆ ಆರೋಗ್ಯ ಕೇಂದ್ರಕ್ಕೆ ಕೊಂಡೊಯ್ಯುವ ಹೊತ್ತಿಗೆ ಸೆಪ್ಟೆಂಬರ್ ನಡುವೆ ಬಂದಿತ್ತು, ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಅಂದಿನಿಂದ ಚೌಕ ಬಟ್ಟೆಗಳು ಕಣದ ಹಗ್ಗಕ್ಕೆ ಹೋಗತೊಡಗಿದವು. ಹೀಟರನ್ನು ಮಾತ್ರ ಇನ್ನೂ ಕಟ್ಟಿಡಲಿಲ್ಲ, ನವೆಂಬರ್ ನಂತರದ ಚಳಿಯನ್ನು ಮುಗಿಸಿಯೇ ಮಗಳು ಮೈಸೂರಿಗೆ ಹೊರಡುವುದೆಂದು ಮಾತಾಗಿತ್ತು.